ಶೆಫೀಲ್ಡ್ ಚಾಕುವಿಗೆ ಯಾವ ಹಿಡಿ?

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ಮಡಚುವ ಚಾಕು ಇದೆ. ಅಲಗಿನ ಬುಡದಲ್ಲಿ ‘ಶೆಫೀಲ್ಡ್’ ಎಂಬ ಮುದ್ರೆ ಈಗಲೂ ಕಾಣುತ್ತದೆ. ಅಲಗು, ಸ್ಪ್ರಿಂಗು ಗಟ್ಟಿಯಾಗಿವೆ. ಒಂದು ಬದಿಯ ಎಲುಬಿನ ಹಿಡಿ ಮಾತ್ರ ಸೀಳಿ ಅರ್ಧ ಉದುರಿಹೋಗಿದೆ. ಅಟ್ಟದ ಮೇಲೆ ಕಡವೆ ಕೊಂಬಿನ ತುಂಡೊಂದಿದೆ, ಹಳೆ ಮಂಚದ ಬೀಟೆಯ ಚೂರುಗಳೂ ಇವೆ. ಯಾವುದರಿಂದ ಮಾಡಿಸಲಿ? ಪ್ಲಾಸ್ಟಿಕ್ ಹಾಕಿಸಿದರೆ ಚಾಕುವಿನ ಮರ್ಯಾದೆ ಹೋಗುತ್ತದೆಯೇ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಬೀಟೆಯಿಂದ ಮಾಡಿಸಿ. ಕೊಂಬಿನ ಆಸೆ ಬಿಡಿ.

ಕಡವೆ ಕೊಂಬಿನ ಮೇಲೆ ನಿಮ್ಮ ಕಣ್ಣು ಹೋದದ್ದು ಸಹಜವೇ. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್ ಊರುಗಳ ಚಾಕು ಕಸುಬಿನವರು ಬಹುಕಾಲ ಇದನ್ನೇ ಭಾರತದಿಂದ ತರಿಸಿಕೊಳ್ಳುತ್ತಿದ್ದರು. ಎಷ್ಟೋ ಜಾತಿಯ ಜಿಂಕೆಗಳ ಕೊಂಬಿನ ಒಳಗೆ ಸ್ಪಂಜಿನಂಥ ತಿರುಳು ಹೆಚ್ಚು. ತೆಳುವಾಗಿ ಸೀಳಿದರೆ ಗಟ್ಟಿ ಭಾಗ ಉಳಿಯುವುದೇ ಇಲ್ಲ. ಕಡವೆಯದ್ದು ಹಾಗಲ್ಲ, ತಿರುಳು ಕಡಿಮೆ, ಎಲುಬು ದಪ್ಪ. ಮೇಲಿನ ಒರಟು ತೊಗಟೆ ಒದ್ದೆ ಕೈಯಲ್ಲೂ ಜಾರುವುದಿಲ್ಲ. ನಿಮ್ಮ ಚಾಕುವಿನ ಎಲುಬಿನ ಮೇಲೆ ಅಡ್ಡಾದಿಡ್ಡಿ ಗೀರುಗಳ ಕೆತ್ತನೆ ಇದ್ದರೆ ಅದು ಈ ಕೊಂಬಿನದೇ ಅನುಕರಣೆ. ದನದ ಮೊಣಕಾಲ ಕೆಳಗಿನ ನಳಿಕೆ ಎಲುಬನ್ನು ಕುದಿಸಿ ಜಿಡ್ಡು ತೆಗೆದು, ಹಲಗೆಯಾಗಿ ಸೀಳಿ, ಯಂತ್ರದಲ್ಲಿ ಗೀರಿ, ಕಂದು ಬಣ್ಣ ಹಾಕುತ್ತಿದ್ದರು. ಅಗ್ಗದ ನಕಲಾಗಿ ಹುಟ್ಟಿದ್ದಕ್ಕೆ ಈಗ ಅದರದೇ ಅಭಿಮಾನಿಗಳಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾದ ಕೇಸ್ ಕಂಪನಿ ಇಂದಿಗೂ ಅದನ್ನು ಬಗೆಬಗೆಯ ಬಣ್ಣಗಳಲ್ಲಿ ಮಾಡುತ್ತದೆ.

ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಣ್ಣಿನಲ್ಲಿ ನಿಮ್ಮ ಅಟ್ಟದ ತುಂಡು ಬರೀ ಹಳೆ ಸಾಮಾನಲ್ಲ, ಕಾಡುಪ್ರಾಣಿಯ ಅಂಗ. ಅಜ್ಜನಿಗೆ ಕಾಡಿನಲ್ಲಿ ಬಿದ್ದು ಸಿಕ್ಕಿದ್ದು ಎಂದು ಹೇಳಿ ನುಣುಚಿಕೊಳ್ಳಲಾಗದು. ಮಾಲೀಕತ್ವದ ಪ್ರಮಾಣಪತ್ರ ಇಲ್ಲದಿದ್ದರೆ ಇಟ್ಟುಕೊಳ್ಳುವುದೇ ತಪ್ಪು, ಕೊಯ್ದು ವಸ್ತು ಮಾಡುವುದು ಇನ್ನೂ ದೊಡ್ಡ ತಪ್ಪು. 2023ರಲ್ಲಿ ಹುಲಿಯುಗುರಿನ ಪದಕಗಳ ಸುತ್ತ ಎದ್ದ ಗದ್ದಲ ನಿಮಗೆ ನೆನಪಿರಬಹುದು. ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ಒಪ್ಪಿಸಿಬಿಡಿ.

ಈಗ ಮುಖ್ಯ ಸಂಗತಿ. ಹಿಡಿಗೆ ಏನು ಹಾಕಬೇಕೆಂದು ಕೇಳುವವರು ಅಂದವನ್ನೇ ಮೊದಲು ನೋಡುತ್ತಾರೆ. ನಾನಾದರೆ ಮೊದಲು ಕೇಳುವುದು, ಚಾಕು ಎಲ್ಲಿರುತ್ತದೆ, ಅದಕ್ಕೆ ಎಷ್ಟು ನೀರು ತಾಗುತ್ತದೆ ಎಂದು. ಮಡಚುವ ಚಾಕುವಿನ ಹಿಡಿ ಕತ್ತಿಯ ಹಿಡಿಯಂತೆ ಗಟ್ಟಿ ಮುದ್ದೆಯಲ್ಲ. ಎರಡು ಹಿತ್ತಾಳೆ ತಗಡುಗಳ ನಡುವೆ ಅಲಗು ಮತ್ತು ಸ್ಪ್ರಿಂಗು ಕೂತಿರುತ್ತವೆ. ನಾವು ಹಿಡಿ ಎನ್ನುವುದು ಆ ತಗಡಿನ ಹೊರಮೈಗೆ ಪಿನ್ನು ಬಡಿದು ಕೂರಿಸಿದ, ಎರಡು ಮೂರು ಮಿಲಿಮೀಟರ್ ದಪ್ಪದ ಹಲಗೆಯನ್ನು ಮಾತ್ರ. ತೇವಕ್ಕೆ ಹಿತ್ತಾಳೆ ಹಿಗ್ಗುವುದಿಲ್ಲ, ಹಲಗೆ ಹಿಗ್ಗುತ್ತದೆ. ಸಾಗರದ ಜಡಿಮಳೆಯ ಮೂರು ತಿಂಗಳು ಉಬ್ಬಿ, ಮಾಗಿಯಲ್ಲಿ ಕುಗ್ಗಿ, ಮತ್ತೆ ಉಬ್ಬಿ, ಒಂದಲ್ಲ ಒಂದು ವರ್ಷ ಪಿನ್ನಿನ ತೂತಿನಿಂದ ಬಿರುಕು ಹೊರಡುತ್ತದೆ. ನಿಮ್ಮ ಚಾಕುವಿನಲ್ಲಿ ಕಬ್ಬಿಣದ ಪಿನ್ನು ಇದ್ದಿದ್ದರೆ ಕೇಳುವುದೇ ಬೇಡ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಒಳಗಿನಿಂದಲೇ ಎಲುಬನ್ನು ಸೀಳುತ್ತದೆ. ಉದುರಿದ ತುಂಡಿನ ತೂತಿನ ಸುತ್ತ ಕೆಂಪು ಕಲೆ ಇದೆಯೇ ನೋಡಿ.

ಹಿತ್ತಾಳೆ ತಗಡೇ ಇಲ್ಲದ ಚಾಕುಗಳೂ ಇವೆ. ಫ್ರಾನ್ಸಿನ ಸವಾಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡತೊಡಗಿದ ಚಾಕುವಿಗೆ ಒಂದೇ ತುಂಡು ಮರದ ಹಿಡಿ, ಅದರಲ್ಲೇ ಅಲಗು ಕೂರಲು ಕೊರೆದ ಸೀಳು. ಸಾಮಾನ್ಯವಾಗಿ ಬೀಚ್ ಮರ. ಒದ್ದೆಯಾದರೆ ಮಳೆಗಾಲದ ಬಾಗಿಲಿನಂತೆ ಬಿಗಿದುಕೊಂಡು ಅಲಗು ಹೊರಗೇ ಬರುವುದಿಲ್ಲ. ಅಲ್ಲಿಯ ಜನ ಹಿಡಿಯ ಹಿಂತುದಿಯನ್ನು ಮೇಜಿಗೆ ಒಮ್ಮೆ ಕುಟ್ಟುತ್ತಾರೆ, ಅಲಗಿನ ಮೂತಿ ಹೊರಗೆ ಬರುತ್ತದೆ. ಸವಾಯ್‌ನವರ ಗುದ್ದು ಎಂದೇ ಅದು ಪ್ರಸಿದ್ಧ. ಮಣ್ಣಲ್ಲಿ, ಮಳೆಯಲ್ಲಿ ಒದ್ದಾಡುವ ಸೈನಿಕನಿಗೆ ಮಾತ್ರ ಇಂಥ ಉಪಾಯ ಸಾಲದು. ಸ್ವಿಟ್ಜರ್ಲೆಂಡಿನ ಸೇನೆ 1890ರ ಮಾದರಿಯ ಚಾಕುವಿಗೆ ಕಪ್ಪು ಮಾಡಿದ ಓಕ್ ಮರ ಹಾಕಿಸಿತ್ತು. ಅದು ಚಕ್ಕೆಯೇಳುತ್ತಿತ್ತು. 1908ರ ಮಾದರಿಗೆ ಒತ್ತಿ ಗಟ್ಟಿ ಮಾಡಿದ ಫೈಬರ್ ಬಂತು, 1961ಕ್ಕೆ ಅಲ್ಯುಮಿನಿಯಂ, 2008ಕ್ಕೆ ಪ್ಲಾಸ್ಟಿಕ್. ಎಲ್ಲರೂ ಬಲ್ಲ ವಿಕ್ಟೋರಿನಾಕ್ಸ್ ಚಾಕುಗಳ ಕೆಂಪು ಹಿಡಿಯೂ ಪ್ಲಾಸ್ಟಿಕ್ಕೇ. ಹೀಗಾಗಿ ಮರ್ಯಾದೆಯ ಪ್ರಶ್ನೆ ಏಳುವುದೇ ಇಲ್ಲ.

ಇಷ್ಟೆಲ್ಲ ಹೇಳಿ ಮತ್ತೆ ಮರವನ್ನೇ ಏಕೆ ಹೇಳಿದೆ? ನಿಮ್ಮದು ಮಂಚದ ಬೀಟೆ. ಎಷ್ಟೋ ದಶಕ ಮನೆಯೊಳಗೆ ಒಣಗಿ, ಉಬ್ಬುವ ಕುಗ್ಗುವ ಆಟ ಹಸಿ ಮರಕ್ಕಿಂತ ಕಡಿಮೆಯಾದ ಮರ. ಜಾತಿಯಿಂದಲೇ ದಟ್ಟ, ಎಣ್ಣೆಯಂಶವುಳ್ಳದ್ದು. ಬೀಚಿನಷ್ಟು ನೀರು ಕುಡಿಯುವುದಿಲ್ಲ. ಅಜ್ಜನ ಚಾಕು ಇನ್ನು ಮುಂದೆ ಮೇಜಿನ ಡ್ರಾಯರಿನಲ್ಲಿದ್ದು ಹಣ್ಣು, ಕಾಗದ, ಹಗ್ಗ ಕುಯ್ಯುವುದಾದರೆ ಇದಕ್ಕಿಂತ ಒಳ್ಳೆಯದು ಬೇಡ. ಎಮ್ಮೆ ಕೊಂಬನ್ನು ಹಾಕಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಉತ್ತರಪ್ರದೇಶದ ಸಂಭಲ್‌ನಲ್ಲಿ ಅದರ ಕಸುಬು ದೊಡ್ಡದು, ನಯಗೊಳಿಸಿದರೆ ಕಪ್ಪಗೆ ಮಿಂಚುತ್ತದೆ, ನಿಜ. ಆದರೆ ಅದು ಉಗುರಿನ ಜಾತಿಯ ವಸ್ತು. ತೆಳು ಹಲಗೆ ಮಾಡಿದರೆ ಬೇಸಗೆಯಲ್ಲಿ ಪಿನ್ನುಗಳ ನಡುವೆ ಸೊಟ್ಟಗಾಗಿ ಮೇಲೇಳುತ್ತದೆ, ಹುಳವೂ ತಿನ್ನುತ್ತದೆ. ಮುತ್ತಿನ ಚಿಪ್ಪು ಅಂದಕ್ಕೆ ಮಾತ್ರ. ಕಲ್ಲಿನ ನೆಲಕ್ಕೆ ಬಿದ್ದರೆ ಅಲ್ಲಿಗೆ ಮುಗಿಯಿತು.

ಚಾಕುವನ್ನು ತೋಟಕ್ಕೂ ಒಯ್ಯುವವರಿದ್ದರೆ ನನ್ನ ಉತ್ತರ ಬೇರೆ. ಕಸಿ ಕಟ್ಟುವ, ಬಾಳೆಪಟ್ಟೆ ಸೀಳುವ ಕೈಗೆ ಮೈಕಾರ್ಟಾ ಹೇಳಿಮಾಡಿಸಿದ್ದು. ಬಟ್ಟೆ ಅಥವಾ ಕಾಗದದ ಪದರಗಳಿಗೆ ರಾಳ ಕುಡಿಸಿ, ಬಿಸಿಯಲ್ಲಿ ಒತ್ತಿ ಹಲಗೆ ಮಾಡಿದ್ದು ಅದು. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ 1910ರ ಸುಮಾರಿಗೆ ವಿದ್ಯುತ್ ತಡೆಯುವ ಹಲಗೆಯಾಗಿ ತಂದದ್ದು, ಚಾಕುವಿನವರ ಕೈಗೆ ಆಮೇಲೆ ಸಿಕ್ಕಿತು. ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಿಲ್ಲ. ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಹೈಲಂ ಶೀಟ್ ಎಂದು ಕೇಳಿ, ಅದೇ ಬಳಗದ್ದು. ಬಟ್ಟೆಯ ಪದರದ್ದು ಸಿಕ್ಕರೆ ಇನ್ನೂ ಒಳ್ಳೆಯದು, ಒದ್ದೆಯಾದಾಗ ಹಿಡಿತ ಹೆಚ್ಚು. ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ. ಬೀಟೆ ಪುಡಿಯೂ ಕೆಲವರ ಚರ್ಮಕ್ಕೆ ಆಗುವುದಿಲ್ಲ.

ಒಂದೇ ಒಂದು ಪ್ಲಾಸ್ಟಿಕ್ಕಿನ ಬಗ್ಗೆ ಎಚ್ಚರ ಹೇಳಬೇಕು: ಸೆಲ್ಯುಲಾಯ್ಡ್. ಇಪ್ಪತ್ತನೆಯ ಶತಮಾನದ ಮೊದಲರ್ಧದ ಚಾಕುಗಳಲ್ಲಿ ಧಾರಾಳವಾಗಿ ಬಳಸಿದ್ದರು, ದಂತ, ಚಿಪ್ಪು, ಕೊಂಬು ಎಲ್ಲದರ ವೇಷ ಹಾಕುತ್ತಿತ್ತು. ಹಳೆಯ ಹಿಡಿಯನ್ನು ಬಟ್ಟೆಯಿಂದ ಜೋರಾಗಿ ತಿಕ್ಕಿ ಮೂಸಿದಾಗ ಕರ್ಪೂರದ ವಾಸನೆ ಬಂದರೆ ಅದು ಎಲುಬಲ್ಲ, ಸೆಲ್ಯುಲಾಯ್ಡೇ. ಕರ್ಪೂರ ಅದರ ತಯಾರಿಕೆಯಲ್ಲೇ ಬೆರೆತಿದೆ. ಹಳತಾದಂತೆ ಆಮ್ಲದ ಆವಿ ಬಿಟ್ಟು ತನ್ನ ಅಲಗನ್ನೂ ಪಕ್ಕದ ಚಾಕುಗಳನ್ನೂ ತುಕ್ಕು ಹಿಡಿಸುತ್ತದೆ. ಬೆಂಕಿಯ ಹತ್ತಿರ ಒಯ್ಯಬಾರದು.

ಕೆಲಸವನ್ನು ಬಡಗಿಗಿಂತ ಅಕ್ಕಸಾಲಿಗರಿಗೆ ಕೊಡಿ ಎನ್ನುತ್ತೇನೆ. ಇಷ್ಟು ಸಣ್ಣ ಪಿನ್ನಿನ ತಲೆಯನ್ನು ಮೆಲ್ಲಗೆ ಬಡಿದು ಹರಡುವ ಕೈ ಅವರದು. ಪಿನ್ನು ಹಿತ್ತಾಳೆಯದೋ ಜರ್ಮನ್ ಸಿಲ್ವರಿನದೋ ಇರಲಿ, ಕಬ್ಬಿಣ ಬೇಡ. ಮರದ ಎಳೆ ಉದ್ದಕ್ಕೆ ಬರಬೇಕು. ತೂತು ಪಿನ್ನಿಗಿಂತ ಕೂದಲೆಳೆಯಷ್ಟು ದೊಡ್ಡದಿರಬೇಕು, ಬಡಿದಾಗ ಪಿನ್ನು ಉಬ್ಬುತ್ತದೆ. ಹಳೆಯ ಚಾಕುಗಳಲ್ಲಿ ಈ ಪಿನ್ನುಗಳನ್ನು ತಗಡಿನ ಒಳಮೈಯಲ್ಲಿ ಬಡಿದು ಆಮೇಲೆ ಚಾಕು ಜೋಡಿಸುತ್ತಿದ್ದರು. ಅಂದರೆ ಸರಿಯಾಗಿ ಮಾಡಲು ಪೂರ್ತಿ ಬಿಚ್ಚಬೇಕು. ಸ್ಪ್ರಿಂಗನ್ನು ಬಿಚ್ಚಿ ಮತ್ತೆ ಕೂರಿಸುವ ಧೈರ್ಯ ಅವರಿಗಿಲ್ಲದಿದ್ದರೆ ಒತ್ತಾಯಿಸಬೇಡಿ. ಹಿತ್ತಾಳೆಯನ್ನು ಉಪ್ಪುಕಾಗದದಲ್ಲಿ ಒರಟು ಮಾಡಿ ಅರಲ್ಡೈಟ್‌ನಿಂದ ಅಂಟಿಸಿದರೂ ಡ್ರಾಯರಿನ ಚಾಕುವಿಗೆ ಸಾಕು. ಕೊನೆಗೆ ಅಗಸೆ ಎಣ್ಣೆ ತೆಳ್ಳಗೆ ಸವರಿ, ಒರೆಸಿ, ಕೆಲವು ದಿನ ಒಣಗಲು ಬಿಡಿ. ತೆಂಗಿನೆಣ್ಣೆ ಒಣಗುವುದಿಲ್ಲ, ಜಿಗುಟಾಗಿ ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಿ.

ಇನ್ನೊಂದು ಬದಿಯ ಎಲುಬು ಗಟ್ಟಿಯಿದ್ದರೆ ಜೋಡಿ ಚೆಂದ ಕಾಣಲಿ ಎಂದು ಅದನ್ನು ಕೀಳಿಸಬೇಡಿ. ಒಂದು ಬದಿ ಎಲುಬು, ಒಂದು ಬದಿ ಬೀಟೆ ಇದ್ದರೆ ಅಲಗು ತನ್ನ ಕೆಲಸ ತಾನು ಮಾಡುತ್ತದೆ.