ಕಡಿಮೆ ದರದ ಆರ್ಡರ್: ಒಪ್ಪಬೇಕೆ, ಬಿಡಬೇಕೆ?

ಪೂರ್ಣ ವೆಚ್ಚಕ್ಕಿಂತ ಕಡಿಮೆ ದರದ ಆರ್ಡರನ್ನು ಲೆಕ್ಕ ಹಾಕದೆಯೇ ನಿರಾಕರಿಸುವುದು ಅನೇಕ ಸಣ್ಣ ಉದ್ಯಮಿಗಳ ರೂಢಿ. ಇದು ಸರಿಯಲ್ಲ.

ಬೆಳಗಾವಿಯ ಫೌಂಡ್ರಿಯೊಂದು ತಿಂಗಳಿಗೆ 1,000 ಬಿಡಿಭಾಗಗಳನ್ನು ತಲಾ ರೂ. 100ರಂತೆ ಮಾರುತ್ತದೆಂದು ಭಾವಿಸೋಣ. ಕಚ್ಚಾ ಕಬ್ಬಿಣ, ಇಂಧನ, ತುಂಡುಗೂಲಿ ಸೇರಿದ ಚರ ವೆಚ್ಚ ತಲಾ ರೂ. 60, ಬಾಡಿಗೆ, ಸಂಬಳ ಮುಂತಾದ ಸ್ಥಿರ ವೆಚ್ಚ ರೂ. 30,000. ಒಂದಕ್ಕೆ ಬೀಳುವ ಪೂರ್ಣ ವೆಚ್ಚ ರೂ. 90, ತಿಂಗಳ ಲಾಭ ರೂ. 10,000.

ಹೊಸ ಗ್ರಾಹಕ ರೂ. 75ರಂತೆ 200 ಭಾಗಗಳನ್ನು ಕೇಳುತ್ತಾನೆ. ಯಂತ್ರಸಾಮರ್ಥ್ಯ ಖಾಲಿಯಿದ್ದರೆ ಸ್ಥಿರ ವೆಚ್ಚ ಹೆಚ್ಚದು; ತಲಾ ರೂ. 15ರಂತೆ ರೂ. 3,000 ಲಾಭ ಕೂಡುತ್ತದೆ. ಸಾಮರ್ಥ್ಯ ಭರ್ತಿಯಾಗಿದ್ದರೆ ಕಾಯಂ ಗ್ರಾಹಕನಿಗೆ ತಪ್ಪಿಸಿದ ಪ್ರತಿ ಭಾಗಕ್ಕೂ ರೂ. 40 ಹೋಗಿ ರೂ. 15 ಮಾತ್ರ ಬರುತ್ತದೆ. ಮೂರು ತಿಂಗಳ ಉದ್ದರಿಯಾದರೆ ಶೇ. 12ರ ಬಡ್ಡಿಗೆ ಇನ್ನೂ ರೂ. 2.25 ಕರಗುತ್ತದೆ. ನಿಜವಾದ ಅಪಾಯ ಬೇರೆಯೇ ಇದೆ: ಕಾಯಂ ಗ್ರಾಹಕರೂ ರೂ. 75ಕ್ಕೇ ಪಟ್ಟು ಹಿಡಿದರೆ, 1,200 ಭಾಗ ಮಾರಿಯೂ ತಿಂಗಳಿಗೆ ರೂ. 12,000 ನಷ್ಟ.