ಏಳು ಬೀಜದ ಕಥೆ, ಗಿಡದ ಸಾಕ್ಷಿ

ಬಾಬಾಬುಡನ್ ಅವರು ಹದಿನೇಳನೆಯ ಶತಮಾನದಲ್ಲಿ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರೆಂಬ ಐತಿಹ್ಯ ಬೆಳೆಗಾರರಿಗೆಲ್ಲ ಗೊತ್ತು. ಇದಕ್ಕೆ ಗಿಡದೊಳಗೂ ಒಂದು ದಾಖಲೆಯಿದೆ. ಅದೇ ವಂಶವಾಹಿ.

ಅರೇಬಿಕಾದಲ್ಲಿ ವರ್ಣತಂತುಗಳು 44, ರೋಬಸ್ಟಾದಲ್ಲಿ 22. ಆಫ್ರಿಕದಲ್ಲಿ ರೋಬಸ್ಟಾ ಮತ್ತು ಯೂಜಿನಿಯಾಯ್ಡಿಸ್ ಎಂಬ ಇನ್ನೊಂದು ಕಾಡುಕಾಫಿ ತಾವಾಗಿ ಕೂಡಿ ಅರೇಬಿಕಾ ಹುಟ್ಟಿತು. ಇದು ಸುಮಾರು 6 ಲಕ್ಷ ವರ್ಷಗಳ ಹಿಂದಿನ ಸಂಗತಿಯೆಂದು 2024ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ಇಥಿಯೋಪಿಯದ ಕಾಡುಗಿಡಗಳಲ್ಲಿ ವಂಶವೈವಿಧ್ಯ ಹೆಚ್ಚು, ಯೆಮನ್‌ನ ತೋಟಗಳಲ್ಲಿ ಕಡಿಮೆ, ಅಲ್ಲಿಂದ ಹೊರಗೆ ಹೋದ ತಳಿಗಳಲ್ಲಿ ಇನ್ನೂ ಕಡಿಮೆ. ಕೆಲವೇ ಬೀಜಗಳಿಂದ ಬೆಳೆದ ಸಂತತಿಗೆ ಇದೇ ಗುರುತು. ಬೀಜ ಏಳೋ ಎಂಟೋ ಎಂಬ ಲೆಕ್ಕವನ್ನು ಮಾತ್ರ ಅದು ಕೊಡದು.

ಇದರಿಂದ ನಮಗೇನು? ಒಂದೇ ರಕ್ತದ ಗಿಡಗಳಿಗೆ ರೋಗ ಬಂದರೆ ಎಲ್ಲಕ್ಕೂ ಬರುತ್ತದೆ. ಹಳೆಯ ‘ಚಿಕ್’ ತಳಿ ಕಾಂಡಕೊರಕಕ್ಕೂ ಎಲೆತುಕ್ಕಿಗೂ ಸೋತಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಸಂಶೋಧನಾ ಕೇಂದ್ರ ಎಸ್. 288 ಮತ್ತು ಕೆಂಟ್ ತಳಿಗಳನ್ನು ಕೂಡಿಸಿ ಎಸ್. 795 ಕೊಟ್ಟಿತು. ಅದರ ತುಕ್ಕುನಿರೋಧಕ ಗುಣ ಲೈಬೀರಿಕಾ ಕಾಫಿಯಿಂದ ಬಂದದ್ದು. ಕಾಲಕ್ರಮೇಣ ರೋಗವೂ ಹೊಸ ರೂಪ ತಾಳಿ ಈ ತಳಿಯನ್ನೂ ತಟ್ಟಿದೆ. ಆದ್ದರಿಂದ ಹೊಸ ಗುಣದ ಹುಡುಕಾಟ ನಿಲ್ಲುವಂತಿಲ್ಲ.

ಕೆಂಟ್ ಎಂಬ ತೋಟಗಾರ 1911ರಲ್ಲಿ ಮೈಸೂರು ಸೀಮೆಯ ತನ್ನ ತೋಟದಲ್ಲಿ ಆರಿಸಿದ್ದು ತುಕ್ಕಿಗೆ ಬಗ್ಗದ ಒಂದೇ ಒಂದು ಗಿಡ. ನಿಮ್ಮ ತೋಟದಲ್ಲೂ ತುಕ್ಕಿನ ನಡುವೆ ಹಸಿರಾಗಿ ನಿಂತ ಗಿಡವಿದ್ದರೆ ಕೀಳಬೇಡಿ. ಗುರುತು ಕಟ್ಟಿ, ಎರಡು ಮಳೆಗಾಲ ನೋಡಿ, ಸಂಶೋಧನಾ ಕೇಂದ್ರಕ್ಕೆ ತಿಳಿಸಿ.