ಹೆಪಟೈಟಿಸ್ ಸೋಂಕು ಮತ್ತು ರಕ್ತಕಣದ ಕೊಲೆಸ್ಟರಾಲ್

ಪ್ರಶ್ನೆ: ಬಹುಕಾಲದಿಂದ ಹೆಪಟೈಟಿಸ್ ಬಿ ಅಥವಾ ಸಿ ಸೋಂಕಿರುವವರ ರಕ್ತದ ವರದಿಯಲ್ಲಿ ಕೊಲೆಸ್ಟರಾಲ್ ಕಡಿಮೆಯಿದೆ ಎಂದೂ, ಕೆಂಪು ರಕ್ತಕಣಗಳ ನಡುವೆ ‘ಟಾರ್ಗೆಟ್ ಸೆಲ್’ಗಳಿವೆ ಎಂದೂ ಬಂದರೆ ಅದರ ಅರ್ಥವೇನು? ಕೊಲೆಸ್ಟರಾಲ್ ಇಳಿದಿರುವುದಕ್ಕೆ ಸಮಾಧಾನಪಡಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಸಮಾಧಾನಪಡುವಂತಿಲ್ಲ. ಕೊಲೆಸ್ಟರಾಲ್ ತಯಾರಿಸಿ, ಪ್ರೋಟೀನಿನೊಡನೆ ಬೆಸೆದು, ಲಿಪೊಪ್ರೋಟೀನ್ ಎಂಬ ಕಣಗಳ ರೂಪದಲ್ಲಿ ರಕ್ತಕ್ಕೆ ಬಿಡುವ ಪ್ರಮುಖ ಅಂಗ ಯಕೃತ್ತು, ಅಂದರೆ ಲಿವರ್. ವರ್ಷಗಟ್ಟಲೆ ಉರಿಯೂತಕ್ಕೊಳಗಾಗಿ ಅದು ಗಂಟುಗಂಟಾಗಿ ಗಡುಸಾದಾಗ, ಎಂದರೆ ಸಿರೋಸಿಸ್ ಉಂಟಾದಾಗ, ಈ ತಯಾರಿಕೆ ಕುಗ್ಗಿ ವರದಿಯ ಅಂಕಿ ಇಳಿಯುತ್ತದೆ. ಸಿ ವೈರಸ್ ತನ್ನ ಕಣಗಳನ್ನು ಕಟ್ಟಿಕೊಳ್ಳಲು ಲಿಪೊಪ್ರೋಟೀನ್ ವ್ಯವಸ್ಥೆಯನ್ನೇ ಬಳಸಿಕೊಳ್ಳುವುದರಿಂದ ಸಿರೋಸಿಸ್‌ಗೆ ಮೊದಲೇ ಇಳಿಕೆ ಕಾಣಬಹುದು.

ಕೆಂಪು ರಕ್ತಕಣದ ಸ್ಥಿತಿ ಇದಕ್ಕೆ ವಿರುದ್ಧವಾಗಿರುವುದುಂಟು. ಬಲಿತ ಕೆಂಪು ಕಣವು ಕೊಲೆಸ್ಟರಾಲನ್ನು ತಾನೇ ತಯಾರಿಸಿಕೊಳ್ಳಲಾರದೆ, ತನ್ನ ಪೊರೆಗೆ ಬೇಕಾದುದನ್ನು ಸುತ್ತಲಿನ ಪ್ಲಾಸ್ಮಾದೊಡನೆ ಸದಾ ವಿನಿಮಯ ಮಾಡಿಕೊಳ್ಳುತ್ತಿರುತ್ತದೆ. ಪ್ಲಾಸ್ಮಾದಲ್ಲಿರುವ ಬಿಡಿ ಕೊಲೆಸ್ಟರಾಲನ್ನು ಕೊಬ್ಬಿನಾಮ್ಲದೊಡನೆ ಕೂಡಿಸಿ ಎಸ್ಟರ್ ರೂಪಕ್ಕೆ ತರುವ ಎಲ್‌ಸಿಎಟಿ ಎಂಬ ಕಿಣ್ವವೂ ಯಕೃತ್ತಿನದೇ ಆದ್ದರಿಂದ, ಯಕೃತ್ತು ದುರ್ಬಲವಾದಂತೆ ಈ ಕಿಣ್ವ ಕಡಿಮೆಯಾಗಿ, ಬಿಡಿ ಕೊಲೆಸ್ಟರಾಲಿನ ಪಾಲು ಹೆಚ್ಚಿ, ಅದು ಕಣದ ಪೊರೆಯೊಳಗೆ ಸೇರಿಕೊಳ್ಳುತ್ತದೆ. ಒಟ್ಟು ಅಂಕಿ ಕಡಿಮೆಯಿದ್ದರೂ ಕಣದ ಪೊರೆಯಲ್ಲಿ ಕೊಲೆಸ್ಟರಾಲ್ ಹೆಚ್ಚುವುದು ಹೀಗೆ. ಪೊರೆ ಅಗಲವಾಗಿ, ನಡುವೆ ಕುಂಕುಮದ ಬೊಟ್ಟಿಟ್ಟಂತೆ ಕಾಣುವ ಕಣವೇ ಟಾರ್ಗೆಟ್ ಸೆಲ್. ಕಾಯಿಲೆ ತೀರ ಮುಂದುವರಿದ ಕೆಲವರಲ್ಲಿ ಪೊರೆ ಬಿರುಸಾಗಿ, ಕಣದ ಮೈಮೇಲೆ ಮುಳ್ಳುಗಳೆದ್ದು, ಅಂಥ ಕಣಗಳನ್ನು ಗುಲ್ಮ ನಾಶಮಾಡುವುದರಿಂದ ತೀವ್ರ ರಕ್ತಹೀನತೆ ಉಂಟಾಗುತ್ತದೆ. ಇದು ಗಂಭೀರ ಸೂಚನೆ.

ಟಾರ್ಗೆಟ್ ಸೆಲ್‌ಗಳು ಥಲಸ್ಸೀಮಿಯಾದಲ್ಲಿಯೂ, ಕಬ್ಬಿಣದ ಕೊರತೆಯಲ್ಲಿಯೂ ಕಾಣುವುದರಿಂದ ಅವುಗಳನ್ನಷ್ಟೇ ನೋಡಿ ತೀರ್ಮಾನಕ್ಕೆ ಬರಬಾರದು. ಊಟದಿಂದ ತುಪ್ಪ, ಶೇಂಗಾ ಹಿಂಡಿ ಬಿಟ್ಟರೆ ಪೊರೆ ಸರಿಹೋಗದು. ಕಾಮಣಿಗೆಂದು ಕೊಡುವ ನಾಟಿ ಔಷಧ ವೈರಸ್ಸನ್ನು ತೊಲಗಿಸದು. ಸರಿಪಡಿಸಬೇಕಾದುದು ಯಕೃತ್ತನ್ನು: ಸಿ ಸೋಂಕು ಸಾಮಾನ್ಯವಾಗಿ 12 ವಾರಗಳ ಮಾತ್ರೆಗಳಿಂದ ಬಹುತೇಕರಲ್ಲಿ ಪೂರ್ಣ ಗುಣವಾಗುತ್ತದೆ, ಬಿ ಸೋಂಕನ್ನು ಟೆನೊಫೊವಿರ್‌ನಂಥ ಔಷಧದಿಂದ ಹತೋಟಿಯಲ್ಲಿಡಬಹುದು, ಮದ್ಯವನ್ನಂತೂ ಪೂರ್ತಿ ಬಿಡಬೇಕು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ. ಹುಬ್ಬಳ್ಳಿ–ಧಾರವಾಡ ಅವಳಿ ನಗರದವರು ಹಿಂದೆ ಕಿಮ್ಸ್ ಎನಿಸಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐ ಆಸ್ಪತ್ರೆಯಲ್ಲಾಗಲಿ ಧಾರವಾಡದ ಜಿಲ್ಲಾ ಆಸ್ಪತ್ರೆಯಲ್ಲಾಗಲಿ ಈ ಬಗ್ಗೆ ವಿಚಾರಿಸಬೇಕು. ಮನೆಯಲ್ಲಿ ಒಬ್ಬರಿಗೆ ಬಿ ಸೋಂಕಿದ್ದರೆ ಉಳಿದವರೆಲ್ಲರೂ ಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲದವರು ತಪ್ಪದೆ ಲಸಿಕೆ ಹಾಕಿಸಿಕೊಳ್ಳಬೇಕು.